ಒಂದೇ ಚಂದ್ರ, ಎರಡು ಹಬ್ಬ

2024ರ ಏಪ್ರಿಲ್ 10, ಬುಧವಾರ. ಮಂಗಳೂರು, ಉಡುಪಿಯ ಮುಸ್ಲಿಮರು ಬೆಳಿಗ್ಗೆಯೇ ಈದ್ ನಮಾಜು ಮುಗಿಸಿ, ನೆಂಟರ ಮನೆಗಳಿಗೆ ಹೋಗಿಬಂದು, ಮಧ್ಯಾಹ್ನದ ಹಬ್ಬದೂಟಕ್ಕೆ ಕೂತಿದ್ದರು. ಅದೇ ಹೊತ್ತಿಗೆ ಘಟ್ಟದ ಮೇಲೆ ಬೆಂಗಳೂರಿನ ಮುಸ್ಲಿಮರು ತೊಟ್ಟು ನೀರೂ ಕುಡಿಯದೆ ರಂಜಾನಿನ ಮೂವತ್ತನೆಯ ಉಪವಾಸದಲ್ಲಿದ್ದರು. ಅವರ ಹಬ್ಬ ಮರುದಿನ. ಒಂದೇ ರಾಜ್ಯ, ಒಂದೇ ಧರ್ಮ, ಒಂದೇ ಚಂದ್ರ. ಹಬ್ಬ ಮಾತ್ರ ಎರಡು.

‘ನಿಮ್ಮವರೆಲ್ಲ ಕೂತು ಒಂದು ದಿನ ಅಂತ ಗೊತ್ತುಮಾಡಿಕೊಳ್ಳಬಾರದೆ?’ ಎಂದು ಪಕ್ಕದ ಮನೆಯವರು ಕೇಳುವುದುಂಟು. ಸಹಜವಾದ ಪ್ರಶ್ನೆಯೇ. ಆದರೆ ಹಾಗೆ ಗೊತ್ತುಮಾಡುವ ಒಬ್ಬ ಮಠಾಧಿಪತಿಯಾಗಲಿ, ಪೋಪ್ ಆಗಲಿ ಇಸ್ಲಾಮಿನಲ್ಲಿ ಇಲ್ಲ. ಧರ್ಮಗ್ರಂಥ ನಿಯಮ ಹೇಳುತ್ತದೆ. ಆಕಾಶ ನೋಡಿ, ನೆರಳು ಅಳೆದು, ಚಿನ್ನ ತೂಗಿ ಲೆಕ್ಕ ಹಾಕುವ ಕೆಲಸ ಮನುಷ್ಯರದ್ದು. ಮನುಷ್ಯರು ಲೆಕ್ಕ ಹಾಕಿದಲ್ಲಿ ತಕರಾರು ಇದ್ದದ್ದೇ. ಹೊರಗಿನಿಂದ ನೋಡುವವರಿಗೆ ಮುಸ್ಲಿಂ ಸಮಾಜ ಒಂದೇ ಬಂಡೆಯಲ್ಲಿ ಕೆತ್ತಿದಂತೆ ಕಾಣುತ್ತದೆ. ಒಳಗೆ ಹೊಕ್ಕು ಅದರ ಲೆಕ್ಕಪತ್ರ ನೋಡಿದರೆ ಹೆಜ್ಜೆಹೆಜ್ಜೆಗೂ ಭಿನ್ನಮತ, ಮತ್ತು ಆ ಭಿನ್ನಮತವನ್ನು ಇಟ್ಟುಕೊಂಡೇ ಬದುಕುವ ಅಭ್ಯಾಸ ಕಾಣುತ್ತದೆ.

ಮೂಲ ಸಂಗತಿಗಳನ್ನು ಬೇಗ ಹೇಳಿಬಿಡಬಹುದು. ಪ್ರವಾದಿ ಮುಹಮ್ಮದರು ಹುಟ್ಟಿದ್ದು ಸುಮಾರು 570ರಲ್ಲಿ, ಅರೇಬಿಯಾದ ಮಕ್ಕಾದಲ್ಲಿ. 610ರಿಂದ 632ರಲ್ಲಿ ಅವರು ತೀರಿಕೊಳ್ಳುವವರೆಗೆ ದೇವವಾಣಿಯಾಗಿ ಇಳಿಯಿತೆಂದು ಮುಸ್ಲಿಮರು ನಂಬುವ ಮಾತುಗಳ ಸಂಗ್ರಹವೇ ಕುರ್‌ಆನ್; ಅದರಲ್ಲಿ 114 ಅಧ್ಯಾಯಗಳಿವೆ. ದೇವರು ಒಬ್ಬನೇ, ಅವನಿಗೆ ರೂಪವಿಲ್ಲ, ಪಾಲುದಾರರಿಲ್ಲ. ಮುಹಮ್ಮದರು ದೇವರಲ್ಲ, ದೇವರ ಸಂದೇಶ ತಂದವರು, ಅವರನ್ನು ಪೂಜಿಸುವಂತಿಲ್ಲ. ಅವರಿಗೂ ಮೊದಲು ಬಂದ ಪ್ರವಾದಿಗಳಲ್ಲಿ ಇಬ್ರಾಹಿಂ, ಮೂಸಾ, ಈಸಾ ಇದ್ದಾರೆ. ಬೈಬಲ್ ಓದಿದವರಿಗೆ ಇವರು ಅಬ್ರಹಾಂ, ಮೋಶೆ, ಯೇಸು. ಯೇಸುವಿನ ತಾಯಿ ಮರ್ಯಮಳ ಹೆಸರಿನಲ್ಲಿ ಕುರ್‌ಆನಿನಲ್ಲಿ ಒಂದು ಅಧ್ಯಾಯವೇ ಇದೆ. ಜಗತ್ತಿನಲ್ಲಿ ಇಂದು ಸುಮಾರು 200 ಕೋಟಿ ಮುಸ್ಲಿಮರಿದ್ದಾರೆ. ಅವರಲ್ಲಿ ಅರಬರು ಐದರಲ್ಲೊಂದು ಪಾಲು ಮಾತ್ರ.

ಕುರ್‌ಆನ್ ಬಿಟ್ಟರೆ ಪ್ರವಾದಿಯವರ ನಡೆನುಡಿಗಳ ವರದಿಗಳಾದ ಹದೀಸ್‌ಗಳು ಆಧಾರ. ಇವೆರಡನ್ನೂ ಇಟ್ಟುಕೊಂಡು ಎಂಟು, ಒಂಬತ್ತನೆಯ ಶತಮಾನದ ವಿದ್ವಾಂಸರು ಕಟ್ಟಿದ ನಾಲ್ಕು ನ್ಯಾಯ ಪರಂಪರೆಗಳು ಸುನ್ನಿಗಳಲ್ಲಿ ಉಳಿದುಬಂದಿವೆ: ಹನಫಿ, ಮಾಲಿಕಿ, ಶಾಫಿ, ಹಂಬಲಿ. ಕರ್ನಾಟಕದಲ್ಲಿ ಇವುಗಳಲ್ಲಿ ಎರಡು ಮುಖ್ಯವಾಗಿ ಕಾಣುತ್ತವೆ. ಅರಬಿ ಸಮುದ್ರದ ವ್ಯಾಪಾರದೊಂದಿಗೆ ಇಸ್ಲಾಂ ಬಂದಿಳಿದ ಕರಾವಳಿಯಲ್ಲಿ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಗಳು. ದೆಹಲಿ ಮತ್ತು ದಖನ್ ಸುಲ್ತಾನರ ದಾರಿಯಲ್ಲಿ ಇಸ್ಲಾಂ ಹರಡಿದ ಒಳನಾಡಿನಲ್ಲಿ ಹೆಚ್ಚಿನವರು ಹನಫಿಗಳು. ಶಿಯಾಗಳದ್ದು ಬೇರೆಯದೇ ಪರಂಪರೆ. ಗೌರಿಬಿದನೂರು ತಾಲ್ಲೂಕಿನ ಅಲೀಪುರ ನಮ್ಮಲ್ಲಿ ಅವರ ಹೆಸರಾಂತ ಊರು.

ಈಗ ಚಂದ್ರನಿಗೆ ಬರೋಣ. ನಿಯಮ ಸರಳ: ಚಂದ್ರನನ್ನು ಕಂಡು ಉಪವಾಸ ಹಿಡಿಯಿರಿ, ಚಂದ್ರನನ್ನು ಕಂಡು ಬಿಡಿರಿ, ಮೋಡ ಕವಿದಿದ್ದರೆ ತಿಂಗಳಿಗೆ 30 ದಿನ ತುಂಬಿಸಿ. ತೊಡಕು ಇರುವುದು ಕಾಣುವುದರಲ್ಲಿ. ಅಮಾವಾಸ್ಯೆಯ ಕ್ಷಣ ಕಳೆದೊಡನೆ ಚಂದ್ರ ಕಣ್ಣಿಗೆ ಬೀಳುವುದಿಲ್ಲ. ಸೂರ್ಯನಿಂದ ಸಾಕಷ್ಟು ದೂರ ಸರಿದು, ಸೂರ್ಯಾಸ್ತದ ನಂತರ ದಿಗಂತದ ಮೇಲೆ ಒಂದಿಷ್ಟು ಹೊತ್ತು ನಿಂತರೆ ಮಾತ್ರ ಬರಿಗಣ್ಣಿಗೆ ಗೆರೆಯಂತೆ ಕಂಡೀತು. 2024ರ ಏಪ್ರಿಲ್ 8ರಂದು, ಅಮೆರಿಕದಲ್ಲಿ ಪೂರ್ಣ ಸೂರ್ಯಗ್ರಹಣವಾದ ದಿನ, ಅಮಾವಾಸ್ಯೆ ಘಟಿಸಿದ್ದು ನಮ್ಮ ಗಡಿಯಾರದಲ್ಲಿ ರಾತ್ರಿ 11.50ರ ಸುಮಾರಿಗೆ. ಮರುದಿನ ಸಂಜೆ ಸೂರ್ಯ ಮುಳುಗುವಾಗ ಚಂದ್ರನಿಗೆ ಇನ್ನೂ 19 ಗಂಟೆ ವಯಸ್ಸು. ಕಂಡರೂ ಕಂಡಿತು, ಇಲ್ಲದಿದ್ದರೂ ಇಲ್ಲ ಎನ್ನುವಂಥ ಗಡಿಯಂಚಿನ ಚಂದ್ರ. ಕೇರಳದ ಕಡಲತೀರದಲ್ಲಿ ಕಂಡಿತೆಂದು ಖಾಜಿಗಳು ಸಾರಿದರು. ಕೇರಳದ ಘೋಷಣೆಯನ್ನು ಒಪ್ಪಿ ನಡೆಯುವ ರೂಢಿಯಿರುವ ಮಂಗಳೂರು ಹಬ್ಬ ಮಾಡಿತು. ಒಳನಾಡಿಗೆ ಸಾಕ್ಷಿ ಸಿಗಲಿಲ್ಲ. ಅದು 30 ತುಂಬಿಸಿತು. ಇಬ್ಬರೂ ನಿಯಮ ಮುರಿಯಲಿಲ್ಲ.

ಗ್ರಹಣವನ್ನು ಸೆಕೆಂಡಿನ ಲೆಕ್ಕದಲ್ಲಿ ಮೊದಲೇ ಹೇಳುವ ಈ ಕಾಲದಲ್ಲಿ ಕಣ್ಣೇ ಏಕೆ ಬೇಕು ಎಂದು ಕೇಳುವ ಮುಸ್ಲಿಮರೂ ಬೇಕಾದಷ್ಟಿದ್ದಾರೆ. ಟರ್ಕಿ ಲೆಕ್ಕದ ಮೇಲೆಯೇ ರಂಜಾನ್ ಗೊತ್ತುಮಾಡುತ್ತದೆ. ಸೌದಿ ಅರೇಬಿಯಾ ದಿನನಿತ್ಯದ ಆಡಳಿತಕ್ಕೆ ಮೊದಲೇ ಲೆಕ್ಕ ಹಾಕಿಟ್ಟ ‘ಉಮ್ಮುಲ್ ಖುರಾ’ ಕ್ಯಾಲೆಂಡರ್ ಬಳಸಿದರೂ ರಂಜಾನ್, ಈದ್, ಹಜ್ಜಿನ ತಿಂಗಳಿಗೆ ಚಂದ್ರದರ್ಶನದ ಸಾಕ್ಷಿ ಕೇಳುತ್ತದೆ. ವಾದ ಮುಗಿದಿಲ್ಲ. ಮುಗಿಸುವ ಅಧಿಕಾರವುಳ್ಳ ಪೀಠವೂ ಇಲ್ಲ.

ಹಿಜರಿ ವರ್ಷಕ್ಕೆ 12 ಚಾಂದ್ರಮಾಸ, 354 ಅಥವಾ 355 ದಿನ. ನಮ್ಮ ಪಂಚಾಂಗಕ್ಕೂ ಚಾಂದ್ರಮಾಸವೇ ತಳಹದಿ. ಆದರೆ ಅದು ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕಮಾಸ ಸೇರಿಸಿ ಋತುಗಳ ಜೊತೆ ಹೆಜ್ಜೆ ಹೊಂದಿಸಿಕೊಳ್ಳುತ್ತದೆ. ಹಾಗಾಗಿ ಯುಗಾದಿ ವಸಂತದಲ್ಲೇ ಬರುತ್ತದೆ. ಇಸ್ಲಾಮಿಗೆ ಮೊದಲು ಅರಬರಲ್ಲೂ ತಿಂಗಳುಗಳನ್ನು ಹಿಂದೆಮುಂದೆ ಸರಿಸುವ ಪದ್ಧತಿ ಇತ್ತು. ಕುರ್‌ಆನ್ ಅದನ್ನು ನಿಷೇಧಿಸಿತು. ಪರಿಣಾಮವಾಗಿ ಹಿಜರಿ ವರ್ಷ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಜಾರುತ್ತ, 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 2030ರಲ್ಲಿ ಜನವರಿಯಲ್ಲೊಂದು, ಡಿಸೆಂಬರಿನ ಕೊನೆಯಲ್ಲೊಂದು, ಎರಡು ರಂಜಾನ್ ಶುರುವಾಗುತ್ತವೆ. ಪ್ರವಾದಿಯವರು ಮಕ್ಕಾ ಬಿಟ್ಟು ಮದೀನಾಕ್ಕೆ ಹೋದ 622ನೆಯ ಇಸವಿಯಿಂದ ವರ್ಷ ಎಣಿಸುವ ಕ್ರಮವನ್ನು ಮುಂದೆ ಖಲೀಫ ಉಮರ್ ಗೊತ್ತುಮಾಡಿದರು. ದಿನ ಬದಲಾಗುವುದು ನಡುರಾತ್ರಿಯಲ್ಲಲ್ಲ, ಸೂರ್ಯಾಸ್ತಕ್ಕೆ.

ಋತುವಿನ ಹಂಗಿಲ್ಲದ ಈ ಕ್ಯಾಲೆಂಡರ್ ಭಕ್ತರಿಗೆ ಚೆನ್ನ, ಕಂದಾಯ ಇಲಾಖೆಗೆ ತಲೆನೋವು. ರೈತ ಕಂದಾಯ ಕಟ್ಟುವುದು ಸುಗ್ಗಿಯಾದ ಮೇಲೆ. ಸುಗ್ಗಿ ಚಂದ್ರನ ಮಾತು ಕೇಳುವುದಿಲ್ಲ. ಮುಸ್ಲಿಂ ಅರಸರೇ ಇದಕ್ಕೆ ಬೇರೆ ಬೇರೆ ದಾರಿ ಹುಡುಕಿದರು. ದಖನ್ನಿನಲ್ಲಿ ಹದಿನಾಲ್ಕನೆಯ ಶತಮಾನದಿಂದ ಬಳಕೆಗೆ ಬಂದ ಶುಹೂರ್ ಸನ್, ಸೂರ್ಯ ಮೃಗಶಿರಾ ನಕ್ಷತ್ರಕ್ಕೆ ಕಾಲಿಟ್ಟ ದಿನದಿಂದ ವರ್ಷ ಎಣಿಸುತ್ತಿತ್ತು. ಉತ್ತರ ಕರ್ನಾಟಕದ ರೈತ ಬಿತ್ತನೆಗೆ ಕಾಯುವ ಮಿರ್ಗದ ಮಳೆಯೇ ಅಲ್ಲಿ ವರ್ಷದ ಬಾಗಿಲು. ಆದಿಲ್‌ಶಾಹಿ ಕಾಲದ ಕಾಗದಪತ್ರಗಳಲ್ಲೂ, ಮರಾಠರ ದಫ್ತರಗಳಲ್ಲೂ ಈ ವರ್ಷಗಳು ಸಿಗುತ್ತವೆ. ಟಿಪ್ಪು ಸುಲ್ತಾನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. 1780ರ ದಶಕದಲ್ಲಿ ಅವನು ಜಾರಿಗೆ ತಂದ ಮೌಲೂದಿ ಕ್ಯಾಲೆಂಡರಿನ ತಿಂಗಳುಗಳ ಹೆಸರು ಹೊಸವು, ಚೌಕಟ್ಟು ಮಾತ್ರ ಪಂಚಾಂಗದ್ದೇ: ಚಾಂದ್ರಮಾಸ, ಅಧಿಕಮಾಸ, 60 ವರ್ಷಗಳ ಸಂವತ್ಸರ ಚಕ್ರ. ಆ ವರ್ಷಗಳನ್ನು ಅವನ ನಾಣ್ಯಗಳ ಮೇಲೆ ಬಲದಿಂದ ಎಡಕ್ಕೆ ಅಂಕಿ ಬರೆದು ಅಚ್ಚು ಹಾಕಿಸಲಾಯಿತು. ಧರ್ಮದ ದಿನಗಳಿಗೆ ಒಂದು ಲೆಕ್ಕ, ಹೊಲದ ದಿನಗಳಿಗೆ ಇನ್ನೊಂದು. ಯಾರಿಗೂ ಇದು ಅಪಚಾರವೆಂದು ಕಂಡಂತಿಲ್ಲ.

ಜಾರುವ ಕ್ಯಾಲೆಂಡರಿನ ರುಚಿ ನಮ್ಮ ಹಳ್ಳಿಗಳಿಗೂ ಗೊತ್ತು. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನರು ಹತರಾದ ದಿನ ಮೊಹರಂ ತಿಂಗಳ ಹತ್ತನೆಯದು. ಆ ಶೋಕವನ್ನು ಉತ್ತರ ಕರ್ನಾಟಕದ ಊರುಗಳು ಹಸ್ತದಾಕಾರದ ಪಂಜಾ, ಅಲಾಯಿ ಕುಣಿತ, ರಿವಾಯತ್ ಪದಗಳಲ್ಲಿ ತಮ್ಮದನ್ನಾಗಿ ಮಾಡಿಕೊಂಡಿವೆ. ಮುದಗಲ್ಲಿನ ಮೊಹರಂಗೆ ದೂರದೂರದ ಜನ ಸೇರುತ್ತಾರೆ. ಮುಸ್ಲಿಂ ಮನೆ ಒಂದೂ ಇಲ್ಲದ ಊರುಗಳಲ್ಲೂ ದೇವರು ಕೂರಿಸುತ್ತಾರೆ. ಈ ಹಬ್ಬ ಒಮ್ಮೆ ಬಿತ್ತನೆಯ ಹೊತ್ತಿಗೆ, ಕೆಲವು ವರ್ಷ ಕಳೆದು ಬಿರುಬೇಸಿಗೆಗೆ, ಮತ್ತೆ ಸುಗ್ಗಿಗೆ ಬರುತ್ತದೆ. ಮೊಹರಂನ ಈ ರೂಪವನ್ನು ಒಪ್ಪದ ಮುಸ್ಲಿಮರೂ ಇದ್ದಾರೆ ಎಂಬುದನ್ನು ಸೇರಿಸಿ ಹೇಳಬೇಕು. ಕಟ್ಟುನಿಟ್ಟಿನ ಸುಧಾರಣಾವಾದಿಗಳ ಕಣ್ಣಿಗೆ ಪಂಜಾ ಪೂಜೆ ಸಲ್ಲದ್ದು.

ರಂಜಾನಿನ ಉಪವಾಸ ನಸುಕಿನಿಂದ ಸೂರ್ಯಾಸ್ತದವರೆಗೆ. ಅನ್ನವಿಲ್ಲ, ನೀರಿಲ್ಲ. ಕಾಯಿಲೆಯವರಿಗೆ, ಪ್ರಯಾಣಿಕರಿಗೆ, ಮುಟ್ಟಾದ ಹೆಂಗಸರಿಗೆ ವಿನಾಯಿತಿಯುಂಟು. ತಪ್ಪಿದ ದಿನಗಳನ್ನು ಆಮೇಲೆ ಹಿಡಿದು ತೀರಿಸಬೇಕು. ಬೆಂಗಳೂರಿನಲ್ಲಿ ಯಾವ ಋತುವಿನಲ್ಲಿ ಬಂದರೂ ಒಂದು ದಿನದ ಉಪವಾಸ ಹೆಚ್ಚುಕಡಿಮೆ 12.5ರಿಂದ 14.5 ಗಂಟೆಯ ನಡುವೆ ಇರುತ್ತದೆ. ಲಂಡನ್ನಿನಲ್ಲಿ ಜೂನ್ ತಿಂಗಳಾದರೆ 18 ಗಂಟೆ ಮೀರುತ್ತದೆ. ನಾರ್ವೆಯ ಟ್ರಾಮ್ಸೊ ಪಟ್ಟಣದಲ್ಲಿ ಬೇಸಿಗೆಯ ಎರಡು ತಿಂಗಳು ಸೂರ್ಯ ಮುಳುಗುವುದೇ ಇಲ್ಲ. ಅಂಥಲ್ಲಿ ಮಕ್ಕಾದ ವೇಳಾಪಟ್ಟಿ ಹಿಡಿಯಬಹುದೆಂದು ಕೆಲವು ವಿದ್ವಾಂಸರು, ಹತ್ತಿರದ, ಸೂರ್ಯ ಮುಳುಗುವ ಊರಿನ ವೇಳೆ ಹಿಡಿಯಬೇಕೆಂದು ಇನ್ನು ಕೆಲವರು ಹೇಳಿದ್ದಾರೆ.

ತಿಂಗಳಿಗೆ ಚಂದ್ರನಾದರೆ ದಿನಕ್ಕೆ ಸೂರ್ಯ. ಐದು ಹೊತ್ತಿನ ನಮಾಜಿಗೆ ಗಡಿಯಾರದ ಗಂಟೆಗಳಿಲ್ಲ. ಬೆಳಕು ಮತ್ತು ನೆರಳೇ ಅಳತೆ. ಸೂರ್ಯ ದಿಗಂತಕ್ಕಿಂತ ಸುಮಾರು 18 ಡಿಗ್ರಿ ಕೆಳಗಿರುವಾಗ ಹಬ್ಬುವ ಮೊದಲ ಬೆಳಕಿಗೆ ಫಜ್ರ್, ನಡುನೆತ್ತಿಯಿಂದ ಸೂರ್ಯ ವಾಲಿದ ಮೇಲೆ ಜುಹರ್, ಮುಳುಗಿದೊಡನೆ ಮಗ್ರಿಬ್, ಸಂಜೆಗೆಂಪು ಪೂರ್ತಿ ಅಳಿದ ಮೇಲೆ ಇಶಾ. ನಡುವೆ ಬರುವ ಅಸರ್ ಜಗಳದ್ದು. ನೆಟ್ಟ ಕೋಲಿನ ನೆರಳು, ನಡುಹಗಲಿನ ನೆರಳನ್ನು ಕಳೆದು, ಕೋಲಿನಷ್ಟೇ ಉದ್ದವಾದಾಗ ಅಸರ್ ಎನ್ನುತ್ತಾರೆ ಶಾಫಿಗಳು. ಕೋಲಿನ ಎರಡರಷ್ಟಾಗಬೇಕು ಎನ್ನುತ್ತಾರೆ ಹನಫಿಗಳು. ಆದ್ದರಿಂದ ಒಂದೇ ಊರಿನ ಎರಡು ಮಸೀದಿಗಳಿಂದ ಅಸರ್ ಅಜಾನ್ ಮುಕ್ಕಾಲು ಗಂಟೆ, ಒಂದು ಗಂಟೆ ಅಂತರದಲ್ಲಿ ಕೇಳಿಸಿದರೆ ಯಾರ ಗಡಿಯಾರವೂ ಕೆಟ್ಟಿಲ್ಲ.

ಈ ನೆರಳಿನ ಲೆಕ್ಕ ಖಗೋಳಶಾಸ್ತ್ರಕ್ಕೆ ಉದ್ಯೋಗ ಕೊಟ್ಟಿತು. ದೊಡ್ಡ ಮಸೀದಿಗಳು ಹೊತ್ತು ಹೇಳಲೆಂದೇ ‘ಮುವಕ್ಕಿತ್’ ಎಂಬ ಸಂಬಳದ ಖಗೋಳಜ್ಞರನ್ನು ಇಟ್ಟುಕೊಂಡವು. ಡಮಾಸ್ಕಸ್ಸಿನ ಉಮಯ್ಯದ್ ಮಸೀದಿಯಲ್ಲಿ ಆ ಕೆಲಸದಲ್ಲಿದ್ದ ಇಬ್ನ್ ಅಲ್ ಶಾತಿರ್ 1371ರಲ್ಲಿ ಅಲ್ಲಿನ ಮಿನಾರಿಗಾಗಿ ದೊಡ್ಡದೊಂದು ನೆರಳು ಗಡಿಯಾರ ಮಾಡಿದ. ಚಂದ್ರನ ಚಲನೆಗೆ ಅವನು ಕಟ್ಟಿದ ಗಣಿತ, ಸುಮಾರು ಒಂದೂವರೆ ಶತಮಾನದ ನಂತರ ಕೊಪರ್ನಿಕಸ್ ಬಳಸಿದ ಗಣಿತದೊಂದಿಗೆ ಹೊಂದುತ್ತದೆ. ಅದು ಯುರೋಪಿಗೆ ಹೇಗೆ ತಲುಪಿತು ಎಂಬುದರ ಬಗ್ಗೆ ಇತಿಹಾಸಕಾರರು ಇನ್ನೂ ಚರ್ಚಿಸುತ್ತಿದ್ದಾರೆ. ಈಗ ಆ ಹುದ್ದೆಯನ್ನು ಮಸೀದಿಯ ಗೋಡೆಯ ಮೇಲಿನ ಡಿಜಿಟಲ್ ಫಲಕ ನಿಭಾಯಿಸುತ್ತದೆ. ಅಜಾನ್ ಕೂಗುವುದು ಮಾತ್ರ ಇವತ್ತಿಗೂ ಮನುಷ್ಯನೇ. ಮೊದಲು ಆ ಗೌರವ ಪಡೆದ ಬಿಲಾಲ್, ಗುಲಾಮಗಿರಿಯಿಂದ ಬಿಡುಗಡೆಯಾದ ಅಬಿಸೀನಿಯ ಮೂಲದವರು.

ನಮಾಜು ಮಾಡಿಸಲು ದೀಕ್ಷೆ ಪಡೆದ ಪುರೋಹಿತ ಬೇಕಿಲ್ಲ. ಕುರ್‌ಆನ್ ಚೆನ್ನಾಗಿ ಓದಬಲ್ಲ ಯಾರಾದರೂ ಮುಂದೆ ನಿಲ್ಲಬಹುದು. ಈ ಸಮಾನತೆ ಮಸೀದಿಯ ಹೊಸ್ತಿಲಲ್ಲಿ ಎಷ್ಟೋ ಸಲ ಎಡವುತ್ತದೆ. ಮಕ್ಕಾದಲ್ಲಿ ಹೆಂಗಸರು, ಗಂಡಸರು ಒಟ್ಟಿಗೇ ಕಾಬಾದ ಪ್ರದಕ್ಷಿಣೆ ಹಾಕುತ್ತಾರೆ; ನಮ್ಮ ಕಡೆಯ ಅನೇಕ ಮೊಹಲ್ಲಾ ಮಸೀದಿಗಳಲ್ಲಿ ಹೆಂಗಸರಿಗೆ ನಿಲ್ಲಲು ಜಾಗವೇ ಇಲ್ಲ.

ಇನ್ನು ಹಣದ ಲೆಕ್ಕ. ಜಕಾತ್ ದಾನವಲ್ಲ, ಬಾಕಿ. ಖರ್ಚು, ಸಾಲ ಕಳೆದು ಒಂದು ಚಾಂದ್ರವರ್ಷ ಕೈಯಲ್ಲಿ ಉಳಿದ ಸಂಪತ್ತು ಒಂದು ಮಿತಿ ದಾಟಿದರೆ ಅದರ ಶೇ 2.5 ಬಡವರಿಗೆ, ಸಾಲದಲ್ಲಿ ಮುಳುಗಿದವರಿಗೆ, ದಾರಿಯಲ್ಲಿ ಸಿಕ್ಕಿಬಿದ್ದವರಿಗೆ ಸೇರಬೇಕು. ಕುರ್‌ಆನ್ ಹೆಸರಿಸುವ ಎಂಟು ಬಗೆಯ ಹಕ್ಕುದಾರರಲ್ಲಿ ಇವರು ಮೂವರು. ಭಾರತದಲ್ಲಿ ಸಾಮಾನ್ಯವಾಗಿ ಹೇಳುವ ಮಿತಿ ಏಳೂವರೆ ತೊಲ, ಅಂದರೆ 87.48 ಗ್ರಾಂ ಚಿನ್ನ, ಅಥವಾ ಐವತ್ತೆರಡೂವರೆ ತೊಲ, ಅಂದರೆ 612.36 ಗ್ರಾಂ ಬೆಳ್ಳಿ. ಚಿನ್ನದ ಮಿತಿ ಹಿಡಿದರೆ ಕೊಡಬೇಕಾದವರು ಕಡಿಮೆ. ಬೆಳ್ಳಿಯದು ಹಿಡಿದರೆ ಸಣ್ಣ ಉಳಿತಾಯದವರೂ ಕೊಡುವವರ ಸಾಲಿಗೆ ಬರುತ್ತಾರೆ. ಮಳೆಯಾಶ್ರಿತ ಬೆಳೆಗೆ ಹತ್ತರಲ್ಲೊಂದು ಪಾಲು, ನೀರು ಎತ್ತಿ ಹಾಯಿಸಿದ ಬೆಳೆಗೆ ಇಪ್ಪತ್ತರಲ್ಲೊಂದು. ಬೆವರು ಹೆಚ್ಚು ಸುರಿಸಿದವನಿಗೆ ರಿಯಾಯಿತಿ.

ಹೆಂಗಸರ ಒಡವೆಯ ವಿಚಾರದಲ್ಲಿ ಮತ್ತೆ ಘಟ್ಟ ಅಡ್ಡ ಬರುತ್ತದೆ. 100 ಗ್ರಾಂ ಚಿನ್ನದ ಬಳೆ, ಸರ ಇರುವ ಹನಫಿ ಹೆಣ್ಣುಮಗಳು ಬೆಂಗಳೂರಿನಲ್ಲಿ ವರ್ಷಕ್ಕೆ 2.5 ಗ್ರಾಮಿನ ಬೆಲೆ ಜಕಾತ್ ಕೊಡಬೇಕು. ಮಂಗಳೂರಿನ ಶಾಫಿ ಹೆಣ್ಣುಮಗಳು ಅಷ್ಟೇ ಒಡವೆಯನ್ನು ವಾಡಿಕೆಯ ಮಿತಿಯಲ್ಲಿ ತೊಡಲೆಂದೇ ಇಟ್ಟುಕೊಂಡಿದ್ದರೆ ಕೊಡಬೇಕಿಲ್ಲ. ಇನ್ನು ಕಂಪನಿಗಳ ಲೆಕ್ಕಪತ್ರ ನಡೆಯುವುದು ಇಂಗ್ಲಿಷ್ ವರ್ಷದಲ್ಲಿ. ಅದು 11 ದಿನ ಉದ್ದ. ಬಡವರಿಗೆ ಆ 11 ದಿನದ ನಷ್ಟವಾಗದಿರಲೆಂದು ಇಸ್ಲಾಮಿಕ್ ಹಣಕಾಸು ತಜ್ಞರು ದರವನ್ನು ಶೇ 2.577ಕ್ಕೆ ಏರಿಸಿಕೊಂಡಿದ್ದಾರೆ.

ಎಲ್ಲಕ್ಕಿಂತ ಜಟಿಲವಾದದ್ದು ಆಸ್ತಿಯ ಪಾಲು. ಕುರ್‌ಆನಿನ ನಾಲ್ಕನೆಯ ಅಧ್ಯಾಯ ಅರ್ಧ, ಕಾಲು, ಎಂಟನೆಯ ಒಂದು, ಮೂರನೆಯ ಎರಡು, ಮೂರನೆಯ ಒಂದು, ಆರನೆಯ ಒಂದು ಎಂದು ಪಾಲುಗಳನ್ನು ಹಂಚುತ್ತದೆ. ಬಾಗ್ದಾದಿನ ಅಲ್ ಖ್ವಾರಿಜ್ಮಿ ಒಂಬತ್ತನೆಯ ಶತಮಾನದಲ್ಲಿ ಬರೆದ ಬೀಜಗಣಿತದ ಗ್ರಂಥದ ದೊಡ್ಡದೊಂದು ಭಾಗ ಮೃತರ ಆಸ್ತಿ ಹಂಚುವ ಲೆಕ್ಕಗಳಿಗೇ ಮೀಸಲು. ಭಿನ್ನರಾಶಿ ಕೆಲವೊಮ್ಮೆ ಕೈಕೊಡುತ್ತದೆ. ಒಬ್ಬಳು ಮಕ್ಕಳಿಲ್ಲದೆ ತೀರಿಕೊಂಡಳು. ಗಂಡ ಮತ್ತು ಇಬ್ಬರು ಒಡಹುಟ್ಟಿದ ತಂಗಿಯರು ಉಳಿದಿದ್ದಾರೆ ಎನ್ನೋಣ. ಗಂಡನಿಗೆ ಅರ್ಧ, ತಂಗಿಯರಿಗೆ ಮೂರನೆಯ ಎರಡು. ಕೂಡಿದರೆ ಆರರಲ್ಲಿ ಏಳು! ಆಸ್ತಿಯನ್ನು ಏಳು ಭಾಗ ಮಾಡಿ ಗಂಡನಿಗೆ ಮೂರು, ತಂಗಿಯರಿಗೆ ನಾಲ್ಕು ಕೊಡುವುದು ಖಲೀಫ ಉಮರರ ಕಾಲದಿಂದ ಬಂದ ಸುನ್ನಿ ಪರಿಹಾರ. ಶಿಯಾ ನ್ಯಾಯಶಾಸ್ತ್ರ ಇದನ್ನು ಒಪ್ಪುವುದಿಲ್ಲ.

ಮಗನಿಗೆ ಎರಡು ಪಾಲಾದರೆ ಮಗಳಿಗೆ ಒಂದು. ಏಳನೆಯ ಶತಮಾನದಲ್ಲಿ ಹೆಣ್ಣಿಗೆ ಗೊತ್ತಾದ ಪಾಲು ಬರೆದುಕೊಟ್ಟದ್ದೇ ದೊಡ್ಡದು, ಮದುವೆಯಲ್ಲಿ ಹೆಣ್ಣಿಗೆ ಮೆಹರ್ ಕೊಡುವ, ಮನೆ ನಡೆಸುವ ಭಾರ ಗಂಡಿನ ಮೇಲಿದೆ ಎನ್ನುವುದು ಸಮರ್ಥಕರ ವಾದ. ಮನೆ ನಡೆಸುವ ಭಾರ ಹೆಣ್ಣಿನ ಹೆಗಲಿಗೂ ಬಂದಿರುವ ಕಾಲದಲ್ಲಿ ಆ ವಾದದ ಕಾಲು ಸೊರಗಿದೆ ಎಂದು ಸಮುದಾಯದ ಒಳಗಿನವರೇ ಹೇಳುತ್ತಿದ್ದಾರೆ. 2023ರಲ್ಲಿ ಕಾಸರಗೋಡು ಜಿಲ್ಲೆಯ ಒಂದು ದಂಪತಿ, ಇಬ್ಬರೂ ಕಾನೂನು ಓದಿದವರು, ಮೂವರು ಹೆಣ್ಣುಮಕ್ಕಳ ಹೆತ್ತವರು, ಮದುವೆಯಾಗಿ ವರ್ಷಗಳಾದ ಮೇಲೆ ವಿಶೇಷ ವಿವಾಹ ಕಾಯ್ದೆಯಡಿ ಮತ್ತೆ ನೋಂದಣಿ ಮಾಡಿಸಿಕೊಂಡರು. ಸುನ್ನಿ ಲೆಕ್ಕದಲ್ಲಿ ಹೆಣ್ಣುಮಕ್ಕಳು ಮಾತ್ರ ಇದ್ದರೆ ಅವರಿಗೆಲ್ಲ ಸೇರಿ ಸಿಗುವುದು ಮೂರನೆಯ ಎರಡು. ಹೆಂಡತಿಯ ಎಂಟನೆಯ ಒಂದು ಕಳೆದು ಮಿಕ್ಕದ್ದು ಗಂಡನ ಸೋದರರಿಗೆ ಹೋಗುತ್ತದೆ. ಅದನ್ನು ತಪ್ಪಿಸುವ ದಾರಿ ಅವರಿಗೆ ಅದೊಂದೇ ಕಂಡಿತ್ತು. ಮತವಿದ್ವಾಂಸರಿಂದ ಕಟುವಾದ ಆಕ್ಷೇಪವೂ ಬಂತು. ಟರ್ಕಿ 1926ರಷ್ಟು ಹಿಂದೆಯೇ ನಾಗರಿಕ ಸಂಹಿತೆ ತಂದು ಪಾಲು ಸಮ ಮಾಡಿತು. ಟುನೀಷಿಯದಲ್ಲಿ 2018ರಲ್ಲಿ ಅಧ್ಯಕ್ಷರೇ ಮುಂದಿಟ್ಟ ಸಮಪಾಲು ಮಸೂದೆ ಸಂಸತ್ತನ್ನು ದಾಟಲಿಲ್ಲ.

ಕೊನೆಗೆ ದಿಕ್ಕು. ಮದೀನಾಕ್ಕೆ ಬಂದ ಮೊದಲ ಹದಿನಾರು, ಹದಿನೇಳು ತಿಂಗಳು ಮುಸ್ಲಿಮರು ಜೆರುಸಲೇಮಿನ ಕಡೆ ಮುಖ ಮಾಡಿ ಪ್ರಾರ್ಥಿಸುತ್ತಿದ್ದರು. 624ರಲ್ಲಿ ಮಕ್ಕಾದ ಕಾಬಾದತ್ತ ತಿರುಗಿದರು. ಕಾಬಾ ಪೂಜಾವಸ್ತುವಲ್ಲ, ಎಲ್ಲರೂ ಒಂದೆಡೆಗೆ ತಿರುಗಲು ಗೊತ್ತುಮಾಡಿದ ಕೇಂದ್ರ. ಭೂಮಿ ದುಂಡಗಿರುವುದರಿಂದ ಆ ದಿಕ್ಕು ಹುಡುಕುವುದು ಸುಲಭವಲ್ಲ. ನ್ಯೂಯಾರ್ಕಿನಲ್ಲಿ ನೆಲೆಸಿದವರು ಈಶಾನ್ಯಕ್ಕೆ ತಿರುಗುತ್ತಾರೆ. ನಕ್ಷೆ ನೋಡಿದರೆ ಆಗ್ನೇಯವೆನಿಸುತ್ತದೆ. ಸ್ಪೇನಿನ ಕೊರ್ಡೊಬಾದ ಹಳೆಯ ಮಸೀದಿ ಮಕ್ಕಾದ ನಿಜವಾದ ದಿಕ್ಕಿನಿಂದ ಬಹಳ ದಕ್ಷಿಣಕ್ಕೆ ವಾಲಿದೆ, ಆದರೂ ಶತಮಾನಗಳ ಕಾಲ ಅಲ್ಲಿ ನಮಾಜು ನಡೆಯಿತು. 2007ರಲ್ಲಿ ಮಲೇಷ್ಯಾದ ಶೇಖ್ ಮುಸ್ಜಫರ್ ಶುಕೂರ್ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟಾಗ ಆ ದೇಶದ ವಿದ್ವಾಂಸರು ಒಂದು ಕೈಪಿಡಿಯನ್ನೇ ಬರೆದರು: ಆದರೆ ಕಾಬಾದ ಕಡೆ, ಆಗದಿದ್ದರೆ ಭೂಮಿಯ ಕಡೆ, ಅದೂ ಆಗದಿದ್ದರೆ ಎತ್ತಲಾದರೂ ಸರಿ.

ಬೆಂಗಳೂರಿನಿಂದ ಲೆಕ್ಕ ಹಾಕಿದರೆ ಮಕ್ಕಾ ನೇರ ಪಶ್ಚಿಮಕ್ಕಿಲ್ಲ. ಸುಮಾರು 18 ಡಿಗ್ರಿ ಉತ್ತರಕ್ಕೆ ಸರಿದಿದೆ. ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ವರ್ಷದಲ್ಲಿ ಎರಡು ಸಲ, ಮೇ 28 ಮತ್ತು ಜುಲೈ 16ರ ಆಸುಪಾಸಿನಲ್ಲಿ, ಸೂರ್ಯ ಕಾಬಾದ ನಡುನೆತ್ತಿಯ ಮೇಲೆ ಬರುತ್ತಾನೆ. ಭಾರತೀಯ ಕಾಲಮಾನದಲ್ಲಿ ಮೇ ತಿಂಗಳಲ್ಲಿ ಅದು ಮಧ್ಯಾಹ್ನ 2.48ಕ್ಕೆ, ಜುಲೈನಲ್ಲಿ 2.57ಕ್ಕೆ. ಆ ನಿಮಿಷ ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ, ನೆರಳಿನ ತುದಿಯಿಂದ ಕೋಲಿನ ಬುಡಕ್ಕೆ ಗೆರೆ ಎಳೆದು ಮುಂದುವರಿಸಿದರೆ ಅದು ಮಕ್ಕಾದತ್ತ ಹೋಗುತ್ತದೆ. ಜುಲೈನಲ್ಲಿ ಮಳೆಯ ಮೋಡ ಕವಿದಿರುವುದೇ ಹೆಚ್ಚು, ಕರಾವಳಿಯಲ್ಲಂತೂ ಕೇಳುವುದೇ ಬೇಡ. ಮೇ ತಿಂಗಳ ಬಿಸಿಲೇ ವಾಸಿ.